ಜಿಪ್ಸಿಯ ಕಮಾನು, ಮಾಯಾಪುರಿಯ ಪೈಪು

ಸೋಹ್ನಾದ ಏರಿನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ನನ್ನ ಹಳೇ ಜಿಪ್ಸಿಯ ಹಿಂಭಾಗ ಕುಪ್ಪಳಿಸುತ್ತಿತ್ತು. ಚಕ್ರ ಮುಂದಕ್ಕೆ ಉರುಳುವಾಗ ಆಕ್ಸಲ್ ಹಿಮ್ಮುಖವಾಗಿ ತಿರುಚಿಕೊಳ್ಳುತ್ತದೆ. ಕಮಾನು ಪಟ್ಟಿ ಎಸ್ ಆಕಾರಕ್ಕೆ ಬಾಗಿ ಫಟ್ಟನೆ ಮರಳುತ್ತದೆ.

ಟ್ರ್ಯಾಕ್ಷನ್ ಬಾರ್ ನಾವೇ ಮಾಡೋಣವೆಂದು ಮಾಯಾಪುರಿ ಗುಜರಿಯಲ್ಲಿ ದಪ್ಪ ಪೈಪು, ರಬ್ಬರ್ ಬುಷ್ ಆರಿಸಿ ತಂದೆ. ಗಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಚಾಸಿಗೆ ಬಿಗಿಸಿದೆವು. ಕುಪ್ಪಳಿಕೆ ನಿಂತಿತು. ಸಕಲೇಶಪುರದ ತಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಮೂರನೇ ವಾರ ಒಂದು ಹಂಪ್ ಇಳಿಸುವಾಗ ಟಪ್ ಅಂದಿತು. ಚಾಸಿ ಕಡೆಯ ಬ್ರಾಕೆಟ್ಟಿನ ಬೆಸುಗೆ ಸೀಳಿತ್ತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು.

ಮಿಸ್ತ್ರಿ ಕೆಳಗೆ ತೂರಿ ನೋಡಿ, "ಕಮಾನಿ ಆಡೋಕೆ ಜಾಗ ಎಲ್ಲಿ ಬಿಟ್ಟಿದ್ದೀರಿ, ಸಾಬ್?" ಅಂದ. (ನಮ್ಮ ಕಮಾನು ಇಲ್ಲಿ ಕಮಾನಿ, ಅಷ್ಟೇ ವ್ಯತ್ಯಾಸ.) ಕಮಾನು ಚಪ್ಪಟೆಯಾದಾಗ ಆಕ್ಸಲ್ ತುಸು ಹಿಂದೆ ಸರಿಯುತ್ತದೆ. ಬಾರ್ ಅದಕ್ಕೆ ಬಿಟ್ಟುಕೊಡದಿದ್ದರೆ ಬೆಸುಗೆಯೇ ಬಿಟ್ಟುಕೊಡುತ್ತದೆ. ಈ ಸಲ ಆಕ್ಸಲ್ ಕಡೆ ಮೇಲೊಂದು ಕೆಳಗೊಂದು ಬೋಲ್ಟು, ಚಾಸಿ ಕಡೆ ತೂಗಾಡುವ ಸಣ್ಣ ಶ್ಯಾಕಲ್.

ನನ್ನ ಗಾಡಿಗೆ 15 ವರ್ಷ ತುಂಬಲು ಇನ್ನೆರಡು ವರ್ಷ ಉಳಿದಿದೆ. ಅಷ್ಟರಲ್ಲಿ ಎನ್‌ಒಸಿ ಮಾಡಿಸಿ ತಮ್ಮನ ತೋಟಕ್ಕೆ ಮುಟ್ಟಿಸಬೇಕು. ಪ್ರತಿ ಭಾನುವಾರ ಕೆಳಗೆ ತೂರಿ ಬೆಸುಗೆ ನೋಡುತ್ತೇನೆ. ಟಾರ್ಚ್ ಹಿಡಿಯುವವಳು ಮಗಳೇ.