ಪುಸ್ತಕದ ವಹಿಯೂ ಒಳಬರುವ ಬಿಲ್ಲೆಯೂ

ನಮ್ಮ ವಾಚನಾಲಯದ ಪುಸ್ತಕಗಳ ವಹಿ ಇರುವುದು ವಿಶಾಖಪಟ್ಟಣದಲ್ಲಿ. ಓದುವ ಬಂಧುಗಳಲ್ಲಿ ಅನೇಕರು ಇರುವುದು ಸುಮಾರು ೩೫೦ ಕಿಲೋಮೀಟರ್ ಆಚೆ, ವಿಜಯವಾಡದಲ್ಲಿ. ಒಂದು ಕಾದಂಬರಿ ಯಾರ ಕೈಯಲ್ಲಿದೆ ಎಂದು ತಿಳಿಯಲು ಅವರು ಫೋನು ಮಾಡಬೇಕು, ನಾವು ಪುಟ ತಿರುವಬೇಕು. ಈ ತೊಂದರೆ ಕಳೆಯಲೆಂದು ವಹಿಯನ್ನು ಕಂಪ್ಯೂಟರಿಗೆ ಏರಿಸಿದೆವು. ಅದು ನಡೆಯುವ ಬಗೆಯನ್ನು ಹಲವು ಸದಸ್ಯರು ಕೇಳುತ್ತಿರುವುದರಿಂದ ಈ ನಾಲ್ಕು ಮಾತು. ನಾವು ಮೆಟ್ರಿಕ್ ಓದಿದ ಗುಮಾಸ್ತರು. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಕುಳಿತು ಕಲಿತದ್ದಿಷ್ಟೇ.

ಎ.ಪಿ.ಐ. ಎಂದರೆ ಕಚೇರಿಯ ಕಿಟಕಿ ಎಂದು ತಿಳಿಯಿರಿ. ಗೊತ್ತಾದ ನಮೂನೆಯಲ್ಲಿ ಚೀಟಿ ಒಳಗೆ ಕೊಟ್ಟರೆ ಗೊತ್ತಾದ ನಮೂನೆಯಲ್ಲಿ ಉತ್ತರ ಹೊರಗೆ ಬರುತ್ತದೆ. ಒಳಗಿನ ಬೀರು ಯಾರಿಗೂ ಕಾಣದು. ನಾವು ಇಟ್ಟದ್ದು ನಾಲ್ಕೇ ಕಿಟಕಿ: ಒಳಬರಲು, ಪಟ್ಟಿ ಕೇಳಲು, ಎರವಲು ಬರೆಸಲು, ಹೊರಹೋಗಲು. ಪೈಥಾನ್ ಭಾಷೆಯ ಜಾಂಗೊ ಎಂಬ ಸಲಕರಣೆಯನ್ನು ಬಳಸಿದೆವು. ೨೦೦೫ರಿಂದ ಅದು ಪುಕ್ಕಟೆಯಾಗಿ ಸಿಗುತ್ತಿದೆ.

ತೊಡಕೆಲ್ಲ ಒಳಬರುವ ಕಿಟಕಿಯಲ್ಲಿ. ಜಾಲದ ಮೂಲಕ ಬರುವ ಪ್ರತಿಯೊಂದು ಚೀಟಿಯೂ ಸರ್ವರ್ ಯಂತ್ರಕ್ಕೆ ಹೊಸದು. ಈಗ ತಾನೇ ಹೆಸರು ಹೇಳಿದವರೇ ಮರುಕ್ಷಣ ಪಟ್ಟಿ ಕೇಳಿದರೂ ಅದಕ್ಕೆ ಗುರುತಿಲ್ಲ. ಎಚ್‌ಟಿಟಿಪಿ ಎಂಬ ಕಟ್ಟಳೆಯೇ ಹಾಗೆ. ೧೯೯೪ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಲೂ ಮೊಂಟುಲ್ಲಿ ಇದಕ್ಕೆ ಹೂಡಿದ ಉಪಾಯವೇ ಕುಕಿ. ಹಳೆಯ ಗಿರಣಿಗಳ ಗೇಟಿನಲ್ಲಿ ನಂಬರಿನ ಬಿಲ್ಲೆ ಕೊಡುತ್ತಿದ್ದರಲ್ಲ, ಅದೇ ಇದು. ಹೆಸರೂ ಪಾಸ್‌ವರ್ಡೂ ಸರಿಯಿದ್ದರೆ ಯಂತ್ರವು ಯಾರೂ ಊಹಿಸಲಾರದ ಉದ್ದನೆಯ ಅಕ್ಷರಸಾಲೊಂದನ್ನು ಕೊಟ್ಟು, ಈ ಬಿಲ್ಲೆ ಇಂಥವರದು ಎಂದು ತನ್ನಲ್ಲಿ ಬರೆದುಕೊಳ್ಳುತ್ತದೆ. ಬ್ರೌಸರು ಮುಂದಿನ ಪ್ರತಿ ಚೀಟಿಯೊಡನೆ ಅದನ್ನು ತಾನಾಗಿ ತೋರಿಸುತ್ತದೆ. ಈ ಗುರುತು ನಡೆಯುವ ಅವಧಿಗೆ ಸೆಷನ್ ಎಂದು ಹೆಸರು. ಹೊರಹೋಗುವ ಕಿಟಕಿಯಲ್ಲಿ ಆ ಬರಹ ಅಳಿಸಿದರೆ ಬಿಲ್ಲೆ ನಡೆಯದು.

ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ವಾರ, ಪರೀಕ್ಷೆಗೆಂದು, ಸದಸ್ಯರ ಪಾಸ್‌ವರ್ಡುಗಳನ್ನು ಒಂದು ತಖ್ತೆಯಲ್ಲಿ ಇದ್ದ ಹಾಗೆಯೇ ಬರೆದಿಟ್ಟಿದ್ದೆವು. ಹಿರಿಯರೊಬ್ಬರು ನೋಡಿ ಬೆವತುಹೋದರು. ಸಂಬಳ ಬೀಳುವ ಬ್ಯಾಂಕಿನ ಖಾತೆಗೂ ಅವರು ಅದೇ ಪದ ಇಟ್ಟಿದ್ದರು! ಅಂದೇ ತಖ್ತೆ ಅಳಿಸಿದೆವು, ಬ್ಯಾಂಕಿನ ಪದವನ್ನೂ ಅವರಿಂದ ಬದಲಾಯಿಸಿದೆವು. ಜಾಂಗೊ ಪದವನ್ನು ಇಡುವುದೇ ಇಲ್ಲ. ಅದಕ್ಕೆ ಬೇರೆ ಅಕ್ಷರಗಳನ್ನು ಉಪ್ಪಿನಂತೆ ಬೆರೆಸಿ ಲಕ್ಷಗಟ್ಟಲೆ ಸಲ ಬೀಸಿ ಬಂದ ಹಿಟ್ಟನ್ನು ಇಡುತ್ತದೆ. ಒಳಬರುವಾಗ ಕೊಟ್ಟ ಪದವನ್ನೂ ಹಾಗೆಯೇ ಬೀಸಿ ಎರಡು ಹಿಟ್ಟನ್ನು ಹೋಲಿಸುತ್ತದೆ. ಹಿಟ್ಟಿನಿಂದ ರಾಗಿ ಕಾಳು ಮತ್ತೆ ಮಾಡಲಾದೀತೆ?

ಎರಡನೆಯ ತಪ್ಪು ಬಿಲ್ಲೆಯದು. ನಾವಾಗಿ ಬದಲಿಸದಿದ್ದರೆ ಜಾಂಗೊ ಅದಕ್ಕೆ ಎರಡು ವಾರದ ಅವಧಿ ಕೊಡುತ್ತದೆ. ಬ್ರೌಸರು ಮುಚ್ಚಿದರೂ ಅದು ಉಳಿಯುತ್ತದೆ. ಸ್ವಂತ ಫೋನಿಗೆ ಅಡ್ಡಿಯಿಲ್ಲ. ವಿಜಯವಾಡದ ಮೇಜಿನ ಮೇಲಿರುವುದು ಎಲ್ಲರ ಕಂಪ್ಯೂಟರು. ತರುಣ ಸದಸ್ಯರೊಬ್ಬರು ಹೊರಹೋಗುವ ಕಿಟಕಿ ಒತ್ತದೆ ಎದ್ದುಹೋದರು. ಅನಂತರ ಕುಳಿತವರು ಪಡೆದ ಮೂರು ಪುಸ್ತಕ ಇವರ ಹೆಸರಿಗೆ ಏರಿದವು. ಪುಸ್ತಕ ಎಲ್ಲಿ ಎಂದು ನಾವು ಎಲ್ಲರೆದುರು ಗದರಿಸಿದ್ದು ಪಾಪ ಇವರನ್ನು. ಅವರ ಕ್ಷಮೆ ಕೇಳಿದ್ದೇವೆ.

ಈಗ ೧೫ ನಿಮಿಷ ಚೀಟಿ ಬರದಿದ್ದರೆ ಬಿಲ್ಲೆ ತಾನಾಗಿ ರದ್ದಾಗುತ್ತದೆ. ಎಚ್‌ಟಿಟಿಪಿಎಸ್ ಎಂಬ ಮುಚ್ಚಿದ ದಾರಿಯಲ್ಲಲ್ಲದೆ ಬ್ರೌಸರು ಅದನ್ನು ಕಳಿಸುವುದೂ ಇಲ್ಲ. ಆದರೂ ಏಳುವ ಮುನ್ನ ಹೊರಹೋಗುವ ಕಿಟಕಿ ಒತ್ತಿರಿ. ಪಾಸ್‌ವರ್ಡು ಮರೆತವರು ಭಾನುವಾರ ಬೆಳಿಗ್ಗೆ ಬಂದರೆ ಹೊಸದನ್ನು ಇಟ್ಟುಕೊಳ್ಳಬಹುದು. ಹಳೆಯದನ್ನು ಹೇಳಿರೆಂದು ಮಾತ್ರ ಕೇಳಬೇಡಿ. ಅದು ನಮಗೂ ತಿಳಿಯದು.