ಕೊಟ್ಟಿಗೆಯ ಜೀಪಿಗೆ ಮರುಜೀವ: ಮೊದಲು ಬ್ರೇಕು, ಆಮೇಲೆ ಬಣ್ಣ

ಮಾವನವರ ಕಾಲದ ಜೀಪೊಂದು ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ನಿಂತಿದೆಯೆ? ಹಾಸನ ಸೀಮೆಯಲ್ಲಿ ಇದೇನೂ ಅಪರೂಪವಲ್ಲ. ಒಂದು ಕಾಲಕ್ಕೆ ಆಲೂಗೆಡ್ಡೆ ಚೀಲ ಹೊತ್ತದ್ದೂ ಅದೇ, ಮಳೆಯ ರಾತ್ರಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಈಗ ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿರುತ್ತದೆ! "ಗುಜರಿಗೆ ಹಾಕಿ ಅತ್ಲಾಗೆ" ಅಂತ ನೀವು. "ಮನೇಲೇ ರಿಪೇರಿ ಮಾಡ್ತೀನಿ ಇರೇ" ಅಂತ ನಿಮ್ಮ ಯಜಮಾನರು. ಇಬ್ಬರ ಮಾತಿನಲ್ಲೂ ಅರ್ಥವಿದೆ. ತೀರ್ಮಾನಕ್ಕೆ ಮುಂಚೆ ಕೆಲವು ಸಂಗತಿ ತಿಳಿದಿರಲಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಬಂಡಿ ಇದು. 1947ರಿಂದ ಮಹೀಂದ್ರಾ ಕಂಪನಿಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲೇ ಜೋಡಿಸತೊಡಗಿದರು. ಮುಂದೆ ಸಿಜೆ 3ಬಿ, 1980ರ ದಶಕದಲ್ಲಿ ಎಂಎಂ 540 ಬಂದವು. ಇವುಗಳಲ್ಲಿ ಕಂಪ್ಯೂಟರಿನ ಗೋಜಿಲ್ಲ. ಪಾನಾ, ಸ್ಕ್ರೂಡ್ರೈವರು, ತಾಳ್ಮೆ ಇದ್ದರೆ ಅರ್ಧ ಕೆಲಸ ಮನೆಯಲ್ಲೇ ಆದೀತು. ಉಳಿದರ್ಧಕ್ಕೆ ಮೇಸ್ತ್ರಿ ಬೇಕೇ ಬೇಕು.

ಊರಿಗೊಂದು ಕಾಯಿಲೆ

ಅರಕಲಗೂಡಿನ ಪಡುವಣ ಭಾಗದಲ್ಲಿ ಮಳೆ ಹೆಚ್ಚು. ಅಲ್ಲಿನ ಜೀಪಿಗೆ ತುಕ್ಕೇ ಶತ್ರು. ಕಾಲಿಡುವ ತಗಡಿಗಿಂತ ಕೆಳಗಿನ ಚಾಸಿಯನ್ನು ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿಸಿ. ಖಣಖಣ ಅಂದರೆ ಗಟ್ಟಿ, ಬೊದಬೊದ ಅಂದರೆ ಟೊಳ್ಳು. ಚಾಸಿಯೇ ಟೊಳ್ಳಾಗಿದ್ದರೆ ಹಣ ಸುರಿಯುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಧೂಳು. ಹಳೆಯ ಜೀಪಿನ ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ಇರುತ್ತದೆ. ಧೂಳು ಅದರಲ್ಲಿ ಕೂರುತ್ತದೆ. ಅದು ಕೆಸರಾಗಿದ್ದರೆ ತೊಳೆದು ಹೊಸ ಎಣ್ಣೆ ಹಾಕಬೇಕು. ಇದು ನೀವೇ ಮಾಡಬಹುದಾದ ಕೆಲಸ, ಒಲೆಯ ಬರ್ನರು ತೊಳೆದಷ್ಟೇ ಸುಲಭ.

ಹೊಳೆನರಸೀಪುರದ ಹೇಮಾವತಿ ಬಯಲಿನಲ್ಲಿ ಕಾಲುವೆ, ಗದ್ದೆಯ ನೀರಿಗೆ ಇಳಿದ ಜೀಪಾದರೆ ಹೌಸಿಂಗಿನ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ತಿಳಿಯಿರಿ. ಹಾಗೇ ಓಡಿಸಿದರೆ ಬೇರಿಂಗು, ಹಲ್ಲುಗಳು ಹಾಳು.

ಬ್ರೇಕಿನ ವಿಷಯದಲ್ಲಿ ಜಿಪುಣತನ ಬೇಡ

ಎಂಜಿನ್ ಸದ್ದು ಮಾಡಿದೊಡನೆ ಗಂಡಸರಿಗೆ ಒಂದು ಸುತ್ತು ಹೊಡೆಯುವ ಆತುರ. ತಡೆಯಿರಿ! ಎಷ್ಟೋ ಹಳೇ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆ. ಆದ್ದರಿಂದ ರಬ್ಬರ್ ವಾಷರು, ಪೈಪುಗಳನ್ನು ಹೊಸದಾಗಿಯೇ ಹಾಕಿಸಿ. ಆ ವಾಷರುಗಳನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯಕೂಡದು, ಉಬ್ಬಿಹೋಗುತ್ತವೆ. ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಸುರಿದರೂ ಅಷ್ಟೆ. ಹಳೆಯ ಬ್ರೇಕ್ ಲೈನರಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಬಾಯಿಂದ ಊದುವುದಾಗಲಿ, ಒಣಗಿದ್ದನ್ನು ಗುಡಿಸುವುದಾಗಲಿ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಮಕ್ಕಳನ್ನು ಹತ್ತಿರ ಸೇರಿಸಬೇಡಿ.

ಪೆಟ್ರೋಲ್ ಜೀಪಾದರೆ ಇನ್ನೊಂದು ಮಾತು. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರು ಇದಕ್ಕೆ ಹೊಂದುವುದಿಲ್ಲ. ಮೆತ್ತಗಾಗಿ ಬಿರುಕು ಬಿಡುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗತಿಯೇನು? ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ.

ಕೆಳಗೆ ನುಗ್ಗುವ ಮುಂಚೆ

ಇದನ್ನು ಮಾತ್ರ ಮನೆಯವರೆಲ್ಲ ನೆನಪಿಡಬೇಕು. ಈ ಹಳೇ ಜೀಪುಗಳ ಹ್ಯಾಂಡ್‌ಬ್ರೇಕು ಸಾಮಾನ್ಯವಾಗಿ ಚಕ್ರವನ್ನು ಹಿಡಿಯುವುದಿಲ್ಲ, ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಜಾಕಿಯ ಮೇಲೆ ಎದ್ದಿತೋ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಜೀಪು ಉರುಳಬಹುದು! ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಮರದ ತುಂಡು ಕೊಡಲೇಬೇಕು. ಬರೀ ಜಾಕಿ ನಂಬಿ ಯಾರೂ ಕೆಳಗೆ ಮಲಗಕೂಡದು. ಕಬ್ಬಿಣದ ಸ್ಟ್ಯಾಂಡು ಕೊಟ್ಟ ಮೇಲೆಯೇ. ಇಟ್ಟಿಗೆ, ಹಾಲೋ ಬ್ಲಾಕು ಇಡಬೇಡಿ, ಒಡೆಯುತ್ತವೆ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸುವುದೂ ಬೇಡ. ಆ ಹೊಗೆಯ ವಿಷಾನಿಲ ವಾಸನೆಗೂ ಸಿಗದೆ ಜೀವ ತೆಗೆಯುತ್ತದೆ.

ನಿಮ್ಮ ಪಾಲಿನ ಕೆಲಸವೂ ಉಂಟು. ಬಿಚ್ಚಿದ ಬೋಲ್ಟುಗಳನ್ನು ಉಪ್ಪಿನಕಾಯಿಯ ಖಾಲಿ ಬಾಟಲುಗಳಲ್ಲಿ ಹಾಕಿ ಚೀಟಿ ಅಂಟಿಸಿ. ವಯರು ಕೀಳುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಪ್ರತಿ ಖರ್ಚನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಯಲ್ಲಿ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ!

ಮಾರ್ಪಾಡು: ಎಲ್ಲಿಯವರೆಗೆ?

ದೊಡ್ಡ ಟೈರು, ಎತ್ತರದ ಸ್ಪ್ರಿಂಗು, ಬೇರೆ ಎಂಜಿನ್ನು – ಹುಡುಗರ ಆಸೆಗೆ ಮಿತಿಯಿಲ್ಲ. ಟೈರು ದೊಡ್ಡದಾದಷ್ಟೂ ಸ್ಟೇರಿಂಗಿಗೂ ಬ್ರೇಕಿಗೂ ಭಾರ. ಎತ್ತರ ಮಾಡಿದ ಜೀಪು ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಎಂಜಿನ್ ಬದಲಿಸುವುದೇ ಆದರೆ ಹಾಸನದ ಆರ್‌ಟಿಓ ಕಚೇರಿಯಲ್ಲಿ ಮೊದಲು ಅನುಮತಿ, ಆಮೇಲೆ ಕೆಲಸ. 15 ವರ್ಷ ದಾಟಿದ ಸ್ವಂತ ವಾಹನಕ್ಕೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸಬೇಡಿ. ಕಾಗದಪತ್ರ ಕಳೆದಿದ್ದರೆ ಪಾನಾ ಹಿಡಿಯುವ ಮುಂಚೆ ಅದನ್ನು ವಿಚಾರಿಸಿ.

ಇಷ್ಟೆಲ್ಲ ಸರಿಹೋಯಿತೆ? ಹಾಗಾದರೆ ನೀವೂ ಸ್ಟೇರಿಂಗ್ ಹಿಡಿಯಿರಿ, ಸಂಕೋಚವೇಕೆ! ಲೈಸೆನ್ಸ್ ಮಾಡಿಸಿ, ಬಯಲಿನಲ್ಲಿ ಕಲಿಯಿರಿ. ಒಂದು ಕಿವಿಮಾತು: ಫೋರ್‌ವೀಲ್ ಗೇರು ಕೆಸರಿಗೆ, ಮರಳಿಗೆ ಮಾತ್ರ, ಒಣ ಟಾರು ರಸ್ತೆಗೆ ಬಂದೊಡನೆ ತೆಗೆಯಿರಿ, ಇಲ್ಲಾಂದ್ರೆ ಗೇರುಗಳು ಬಿಗಿದು ಸವೆಯುತ್ತವೆ. ಮಳೆಗಾಲದ ನಡುರಾತ್ರಿ ಮನೆಯಲ್ಲಿ ಗಂಡಸರಿಲ್ಲದಾಗ ಮಗುವಿಗೆ ಜ್ವರ ಏರಿದರೆ, ಕೆಸರು ದಾರಿ ದಾಟಿಸುವವರು ನೀವೇ ಆಗಬಹುದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೈಗೆ ಸ್ವಲ್ಪ ಗ್ರೀಸು, ಅಷ್ಟೆ.