ಮೊದಲು ಹಗ್ಗ, ಆಮೇಲೆ ಗರಗಸ

ಮರ ನೆಡುವುದು ಎಷ್ಟು ಸುಲಭವೋ, ಬೆಳೆದ ಮರದ ಯೋಗಕ್ಷೇಮ ನೋಡಿಕೊಳ್ಳುವುದು ಅಷ್ಟೇ ಕಷ್ಟ. ಹಿರಿಯರು ನೆರಳಿಗೆಂದು ನೆಟ್ಟ ಮಾವು ಇಂದು ಮಾಡಿನ ಮೇಲೆ ಕೈ ಚಾಚಿ ನಿಂತಿದೆ. ಬೀದಿಯಂಚಿನ ಮಳೆಮರದ ಕೊಂಬೆ ವಿದ್ಯುತ್ ತಂತಿಯನ್ನು ಮುಟ್ಟುವಂತಿದೆ. ಮುಂಗಾರಿಗೆ ಮುನ್ನ ಬಿರುಗಾಳಿ ಏಳುವ ದಿನಗಳಲ್ಲಿ ಪಟ್ಟಣದ ಮನೆಮನೆಯಲ್ಲಿಯೂ ಹುಡುಕಾಟ ಒಂದೇ: ಮರ ಹತ್ತಿ ಕೊಂಬೆ ಸವರಿಕೊಡುವವರು ಯಾರಾದರೂ ಸಿಕ್ಕಾರೆ?

ಸಿಕ್ಕುವವರಲ್ಲಿ ಹಲವರಿಗೆ ಇದು ಪೂರ್ಣಕಾಲದ ವೃತ್ತಿಯಲ್ಲ. ವಾರವೆಲ್ಲ ತೋಟದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ಬಿಡುವಿನ ದಿನ ಮರಗೆಲಸಕ್ಕೆ ಹೊರಡುವವರು ಅವರು. ಕೈಗೆ ನಾಲ್ಕು ಕಾಸು ಬಂದೊಡನೆ ಅವರು ಮೊದಲು ಕೊಳ್ಳುವುದು ಪೆಟ್ರೋಲಿನ ಸರಪಳಿ ಗರಗಸವನ್ನು. ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ಟುಗಳ ಸರದಿ ಬರುವುದು "ಮುಂದೆ ನೋಡೋಣ" ಎಂಬ ಪಟ್ಟಿಯಲ್ಲಿ. ಈ ಕ್ರಮ ತಲೆಕೆಳಗಾದುದು. ದಿನವೂ ಮರ ಹತ್ತುವವನಿಗೆ ಅಭ್ಯಾಸವೇ ಒಂದು ಕವಚ. ತಿಂಗಳಿಗೆ ಎರಡು ಮೂರು ದಿನ ಹತ್ತುವವನಿಗೆ ಆ ಕವಚ ತೆಳ್ಳಗಿರುತ್ತದೆ. ಅಪಾಯವಾದರೋ ಇಬ್ಬರಿಗೂ ಸಮಾನ. ಆದುದರಿಂದ ಬಿಡುವಿನ ವೇಳೆಯ ಮರಗೆಲಸಗಾರನು ಉಪಕರಣಗಳನ್ನು ಆರಿಸುವಾಗ ವೃತ್ತಿಗಾರನಿಗಿಂತಲೂ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ.

ಮೂಳೆಯಿಂದ ಮರಕ್ಕೆ

ಸರಪಳಿಗೆ ಹಲ್ಲು ಕೂಡಿಸಿ ತಿರುಗಿಸುವ ಉಪಾಯ ಮೊದಲು ಹೊಳೆದುದು ಮರ ಕಡಿಯುವವರಿಗಲ್ಲ, ವೈದ್ಯರಿಗೆ. 1830ರ ಸುಮಾರಿನಲ್ಲಿ ಜರ್ಮನಿಯ ವೈದ್ಯ ಬರ್ನ್‌ಹಾರ್ಡ್ ಹೈನೆ ಮೂಳೆಯನ್ನು ನಯವಾಗಿ ಕೊಯ್ಯುವ ಸಲುವಾಗಿ ಕೈಯಿಂದ ತಿರುಗಿಸುವ ಸರಪಳಿ ಗರಗಸವೊಂದನ್ನು ನಿರ್ಮಿಸಿದನು. ಮರದ ಕೆಲಸಕ್ಕೆ 1926ರಲ್ಲಿ ಆಂಡ್ರಿಯಾಸ್ ಸ್ಟೀಲ್ ಎಂಬ ಎಂಜಿನಿಯರು ವಿದ್ಯುತ್ತಿನ ಗರಗಸವನ್ನೂ, 1929ರಲ್ಲಿ ಪೆಟ್ರೋಲಿನ ಗರಗಸವನ್ನೂ ಹೊರತಂದನು. ಅವುಗಳನ್ನು ಎತ್ತಿ ನಡೆಸಲು ಇಬ್ಬರು ಬೇಕಾಗಿತ್ತು. ಒಬ್ಬನೇ ಹಿಡಿಯಬಹುದಾದ ಹಗುರ ಗರಗಸಗಳು ಬಳಕೆಗೆ ಬಂದುದು ಎರಡನೆಯ ಮಹಾಯುದ್ಧದ ಬಳಿಕ.

ಅದೇ ಕಾಲದಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ನಡೆಯಿತು. 1946ರಲ್ಲಿ ಅಮೆರಿಕದ ಓರೆಗಾನ್ ಸೀಮೆಯ ಜೋ ಕಾಕ್ಸ್ ಎಂಬ ಮರ ಕಡಿಯುವವನು ಮೋಟುಮರವೊಂದರಲ್ಲಿ ದುಂಬಿಯ ಮರಿಹುಳು ಕೊರೆಯುತ್ತಿದ್ದುದನ್ನು ಕಂಡನು. ಅದರ ದವಡೆಗಳು ಎಡಕ್ಕೂ ಬಲಕ್ಕೂ ಪರ್ಯಾಯವಾಗಿ ಸರಿದು ಮರವನ್ನು ಕತ್ತರಿಸುತ್ತಿದ್ದವು. ಆ ಮಾದರಿಯಲ್ಲಿ ಅವನು ರೂಪಿಸಿದ, ಒಂದಾದ ಮೇಲೊಂದು ಎಡಕ್ಕೂ ಬಲಕ್ಕೂ ಬಾಗಿದ ಹಲ್ಲುಗಳ ಸರಪಳಿಯೇ ಇಂದಿಗೂ ಗರಗಸಗಳ ಮೇಲೆ ಓಡುತ್ತಿರುವ ಸರಪಳಿಗಳ ಮೂಲ.

ಹಿರಿದು ಎಲ್ಲವೂ ಹಿತವಲ್ಲ

ಅಂಗಡಿಗೆ ಹೋದವನ ಕಣ್ಣು ಸಾಮಾನ್ಯವಾಗಿ ದೊಡ್ಡ ಯಂತ್ರದ ಮೇಲೆಯೇ ಬೀಳುತ್ತದೆ. ಮನೆಯಂಗಳದ ಮರಗೆಲಸಕ್ಕೆ ಅದು ಬೇಕಿಲ್ಲ. ನೆಲದ ಮೇಲೆ ನಿಂತು ಕೊಂಬೆಗಳನ್ನು ತುಂಡರಿಸಲು 35ರಿಂದ 45 ಸಿ.ಸಿ.ಯ ಎಂಜಿನು, 14 ಅಥವಾ 16 ಅಂಗುಲದ ಪಟ್ಟಿ ಇದ್ದರೆ ಧಾರಾಳವಾಯಿತು. ತೂಕದ ಯಂತ್ರ ಹಿಡಿದವನ ತೋಳು ಬೇಗ ಸೋಲುತ್ತದೆ. ತೋಳು ಸೋತಾಗಲೇ ಕೈ ತಪ್ಪುವುದು.

ಮರದ ಮೇಲೆ ಬಳಸಲೆಂದೇ ಹಿಡಿಯನ್ನು ನೆತ್ತಿಯ ಮೇಲಿಟ್ಟ ಕಿರಿಯ ಗರಗಸಗಳುಂಟು. ಅವು ಹಗುರವಾಗಿರುವುದರಿಂದ ಒಂದೇ ಕೈಯಲ್ಲಿ ನಡೆಸುವ ಆಸೆ ಹುಟ್ಟುತ್ತದೆ. ಆ ಆಸೆಯೇ ಅವುಗಳ ದೊಡ್ಡ ದೋಷ. ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಓಡುವ ಗರಗಸ ಹಿಡಿದವನ ಎಡಗೈಗೆ ರಕ್ಷಣೆಯೇ ಇಲ್ಲ. ತರಬೇತಿ ಪಡೆದು ಮರ ಹತ್ತುವವರ ಹೊರತು ಬೇರೆಯವರು ಈ ಬಗೆಯದನ್ನು ಕೊಳ್ಳದಿರುವುದೇ ಲೇಸು.

ಹಾಗಾದರೆ ಮೇಲೆ ಹತ್ತಿದವನು ಯಾವುದರಿಂದ ಕೊಯ್ಯಬೇಕು? ಮೊದಮೊದಲು ಕೈಗರಗಸದಿಂದಲೇ. ತನ್ನತ್ತ ಎಳೆದಾಗ ಮಾತ್ರ ಕೊಯ್ಯುವ ಬಾಗಿದ ಅಲಗಿನ ಗರಗಸವನ್ನು ಒರೆಯಲ್ಲಿ ಹಾಕಿ ಸೊಂಟಕ್ಕೆ ಕಟ್ಟಿಕೊಂಡರೆ, ಮಣಿಕಟ್ಟಿನಷ್ಟು ದಪ್ಪದ ಕೊಂಬೆ ಕೆಲವೇ ಎಳೆತಗಳಿಗೆ ಬೀಳುತ್ತದೆ. ಅದಕ್ಕೆ ಪೆಟ್ರೋಲು ಬೇಡ, ಸದ್ದಿಲ್ಲ, ಕೈಬಿಟ್ಟರೆ ತಾನಾಗಿ ಓಡುವುದೂ ಇಲ್ಲ. ಮಾವಿನಕಾಯಿ ಕೊಯ್ಯುವ ದೋಟಿಯಂತೆ ಉದ್ದ ಕೋಲಿಗೆ ಜೋಡಿಸಿದ ಗರಗಸದಿಂದ ನೆಲದಿಂದಲೇ ಮುಗಿಯುವ ಕೆಲಸವಾದರಂತೂ ಹತ್ತುವ ಮಾತೇ ಇಲ್ಲ. ಹತ್ತದೆ ಮಾಡಿದ ಕೆಲಸಕ್ಕಿಂತ ಸುರಕ್ಷಿತವಾದುದು ಇನ್ನೊಂದಿಲ್ಲ.

ಈಚೆಗೆ ಬ್ಯಾಟರಿಯ ಗರಗಸಗಳೂ ಬಂದಿವೆ. ಹಗ್ಗ ಜಗ್ಗಿ ಹೊರಡಿಸುವ ಶ್ರಮವಿಲ್ಲ, ಎಣ್ಣೆ ಬೆರೆಸುವ ಗೊಡವೆಯಿಲ್ಲ, ನೆರೆಹೊರೆಯ ಕಿವಿಗೂ ಹಿಂಸೆ ಕಡಮೆ. ತಿಂಗಳಿಗೆ ಒಂದೆರಡು ದಿನದ ಕೆಲಸಕ್ಕೆ ಅವು ಚೆನ್ನಾಗಿ ಒಪ್ಪುತ್ತವೆ. ಆದರೆ ಗುಂಡಿ ಒತ್ತಿದೊಡನೆ ಸದ್ದಿಲ್ಲದೆ ಎಚ್ಚರಗೊಳ್ಳುವ ಯಂತ್ರವಾದುದರಿಂದ ಬಳಿಯಲ್ಲಿರುವವರು ಮೈಮರೆಯಕೂಡದು. ಪೆಟ್ರೋಲಿನದಾದರೆ ತಯಾರಕರು ಹೇಳಿದ ಪ್ರಮಾಣದಲ್ಲಿ ಎಣ್ಣೆ ಬೆರೆಸಬೇಕು. 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿಲೀಟರು. ಸರಪಳಿಗೆ ಸುರಿಯುವ ಎಣ್ಣೆ ಬೇರೆ, ಎಂಜಿನಿಗೆ ಬೆರೆಸುವ ಎಣ್ಣೆ ಬೇರೆ.

ಗರಗಸದ ಒದೆ

ಸರಪಳಿ ಗರಗಸದ ಅತ್ಯಂತ ಘೋರವಾದ ಗುಣವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅದು ಒದೆಯುತ್ತದೆ. ಪಟ್ಟಿಯ ತುದಿಯ ಮೇಲ್ಭಾಗವು ಮರಕ್ಕೋ ಮರೆಯಲ್ಲಿದ್ದ ಮತ್ತೊಂದು ಕೊಂಬೆಗೋ ತಗುಲಿತೆಂದರೆ, ಮುಂದಕ್ಕೆ ಓಡುತ್ತಿದ್ದ ಹಲ್ಲು ಅಲ್ಲಿ ಸಿಕ್ಕಿಕೊಂಡು ಇಡೀ ಯಂತ್ರವನ್ನೇ ಹಿಂದಕ್ಕೆ, ಮೇಲಕ್ಕೆ, ಹಿಡಿದವನ ಮುಖದತ್ತ ಎಸೆಯುತ್ತದೆ. ಸರಪಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರು. ಕಣ್ಣು ಕಂಡು ಮನಸ್ಸು ತಿಳಿದು ಕೈ ಸರಿಯುವುದರೊಳಗೆ ಅನಾಹುತ ಮುಗಿದಿರುತ್ತದೆ.

ಇದಕ್ಕೆಂದೇ ಮುಂಗೈಯ ಎದುರಿಗೆ ಒಂದು ತಡೆಹಿಡಿಯನ್ನಿಟ್ಟಿರುತ್ತಾರೆ. ಗರಗಸ ಹಿಂದಕ್ಕೆ ನೆಗೆದೊಡನೆ ಅದು ಸರಪಳಿಯನ್ನು ತಟಕ್ಕನೆ ನಿಲ್ಲಿಸುತ್ತದೆ. ಹಳೆಯ ಗರಗಸವನ್ನು ಅಗ್ಗದ ಬೆಲೆಗೆ ಕೊಳ್ಳುವವರು ಎಂಜಿನಿನ ಸದ್ದಿಗೆ ಮರುಳಾಗುವ ಮೊದಲು ಈ ಬ್ರೇಕನ್ನು ಪರೀಕ್ಷಿಸತಕ್ಕದ್ದು. ಕಡಿದ ಸರಪಳಿಯನ್ನು ಹಿಡಿಯುವ ಗೂಟ ಕೆಳಗಿದೆಯೆ, ಹಿಂದಿನ ಹಿಡಿಯನ್ನು ಅಂಗೈಯಿಂದ ಒತ್ತದಿದ್ದರೆ ವೇಗದ ಗುಂಡಿ ಅಲುಗದೆ ನಿಲ್ಲುತ್ತದೆಯೆ ಎಂದು ನೋಡಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ ಆ ಗರಗಸ ಬಿಟ್ಟಿಯಾಗಿ ಸಿಕ್ಕಿದರೂ ದುಬಾರಿಯೇ.

ಮೊಂಡ ಹಲ್ಲೂ ಶತ್ರುವೇ. ಹಲ್ಲು ಹರಿತವಾಗಿದ್ದರೆ ಮರದ ಚಕ್ಕೆ ಉದುರುತ್ತದೆ. ಮೊಂಡಾದರೆ ಹಿಟ್ಟಿನಂಥ ಪುಡಿ ಬೀಳುತ್ತದೆ, ಕೆಲಸಗಾರ ಬಲ ಹಾಕಿ ಒತ್ತತೊಡಗುತ್ತಾನೆ. ಗುಂಡನೆಯ ಅರ, ಅದನ್ನು ಸರಿಯಾದ ಕೋನದಲ್ಲಿ ಹಿಡಿಯುವ ಚೌಕಟ್ಟು, ಇವೆರಡನ್ನೂ ಗರಗಸದೊಡನೆಯೇ ಕೊಳ್ಳಬೇಕು. ಅರದ ದಪ್ಪ ಸರಪಳಿಗೆ ತಕ್ಕಂತಿರಬೇಕು: ಕೆಲವಕ್ಕೆ 4 ಮಿಲಿಮೀಟರು, ಕೆಲವಕ್ಕೆ 4.8.

ನಾರಿನ ಕವಚ

ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ ಗರಗಸ ಹಿಡಿದವರನ್ನು ನಮ್ಮಲ್ಲಿ ಕಾಣುವುದು ಅಪರೂಪವಲ್ಲ. ಗರಗಸಗಾರನಿಗೆಂದೇ ಹೊಲಿದ ಷರಾಯಿಯ ಒಳಗೆ ಉದ್ದನೆಯ ಸಡಿಲ ನಾರಿನ ಹಲವು ಪದರಗಳಿರುತ್ತವೆ. ಓಡುವ ಸರಪಳಿ ಬಟ್ಟೆಗೆ ತಗುಲಿದರೆ ಆ ನಾರುಗಳು ಈಚೆ ಎಳೆಯಲ್ಪಟ್ಟು ಯಂತ್ರದ ಹಲ್ಲುಗಾಲಿಗೆ ಸುತ್ತಿಕೊಂಡು ಕ್ಷಣಾರ್ಧದಲ್ಲಿ ಅದನ್ನು ನಿಲ್ಲಿಸಿಬಿಡುತ್ತವೆ. ಬಟ್ಟೆ ಹಾಳಾಗುತ್ತದೆ, ಕಾಲು ಉಳಿಯುತ್ತದೆ. ಆದರೆ ಇದು ಎಲ್ಲ ವೇಗಕ್ಕೂ ಅಭೇದ್ಯವಾದ ಕವಚವಲ್ಲ. ಯುರೋಪಿನ ಮಾನದಂಡದಂತೆ ಒಂದನೆಯ ದರ್ಜೆಯದು ಸೆಕೆಂಡಿಗೆ 20 ಮೀಟರ್ ವೇಗದ ಸರಪಳಿಯ ಮೇಲೆ ಪರೀಕ್ಷಿತವಾದುದು. ನಮ್ಮ ಸೆಕೆಗೆ ಇದು ಹಿತವಾದ ಉಡುಪಲ್ಲವೆಂಬುದು ನಿಜ. ಮುಂಭಾಗಕ್ಕೆ ಮಾತ್ರ ಕಟ್ಟಿಕೊಳ್ಳುವ ಬಗೆಯನ್ನು ನೆಲದ ಮೇಲಿನ ಕೆಲಸಕ್ಕೆ ಬಳಸಬಹುದು.

ನೂರು ಡೆಸಿಬೆಲ್ ಮೀರುವ ಸದ್ದು ಕಿವಿಯನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಆದುದರಿಂದ ಕಿವಿಮುಚ್ಚಳವೂ ಮುಖಕ್ಕೆ ಜಾಲರಿಯೂ ಕೂಡಿದ ಹೆಲ್ಮೆಟ್ಟೇ ಉತ್ತಮ. ಹತ್ತುವವನ ಹೆಲ್ಮೆಟ್ಟಿಗೆ ಗದ್ದದ ಪಟ್ಟಿಯೂ ಬೇಕು.

ಪ್ರಾಣ ತೂಗುವ ಹಗ್ಗ

ಇನ್ನು ಏರುವ ಮಾತು. ಬಾವಿಯ ಹಗ್ಗ, ಲಾರಿಗೆ ಕಟ್ಟುವ ಹಗ್ಗ, ಬಟ್ಟೆ ಒಣಹಾಕುವ ನೈಲಾನು, ಇವುಗಳಲ್ಲಿ ಯಾವುದೂ ಮನುಷ್ಯನ ಭಾರಕ್ಕೆಂದು ಪರೀಕ್ಷಿತವಾದುದಲ್ಲ. ಮರ ಹತ್ತುವವರ ಹಗ್ಗ ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪ. ಹೆಚ್ಚು ಹಿಗ್ಗುವಂಥದಲ್ಲ, ತಡೆಯುವ ಭಾರದ ಅಂಕಿ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಬಂಡೆ ಹತ್ತುವವರ ಹಿಗ್ಗುವ ಹಗ್ಗ ಬಿದ್ದವನನ್ನು ಮೆತ್ತಗೆ ಹಿಡಿಯಲು ಒಳ್ಳೆಯದೇ ಹೊರತು, ತೂಗಿಕೊಂಡು ಕೆಲಸ ಮಾಡಲು ತಕ್ಕುದಲ್ಲ.

ಸೊಂಟಪಟ್ಟಿಯ ವಿಷಯದಲ್ಲಿಯೂ ಇಂಥದೇ ಭೇದವುಂಟು. ಕಟ್ಟಡದ ಕೆಲಸಗಾರರಿಗೆಂದು ಮಾರುವ, ಬೆನ್ನಿನಲ್ಲಿ ಕೊಂಡಿಯಿರುವ ಪಟ್ಟಿ ಬಿದ್ದವನನ್ನು ತಡೆಯುವುದಕ್ಕೆ ಮಾತ್ರ. ಅದರಲ್ಲಿ ಕುಳಿತು ಕೊಂಬೆ ಕೊಯ್ಯಲಾಗದು. ಸೊಂಟವನ್ನೂ ತೊಡೆಗಳನ್ನೂ ತಬ್ಬಿ, ಮುಂದುಗಡೆ ಮತ್ತು ಎರಡು ಪಕ್ಕಗಳಲ್ಲಿ ಕೊಂಡಿಗಳಿರುವ ಪಟ್ಟಿಯೇ ಮರಗೆಲಸಕ್ಕೆ ಸರಿ. ಕೊಂಡಿಗಳು ಕೊಂಬೆಗೆ ಉಜ್ಜಿ ತಾವಾಗಿ ತೆರೆಯದಂತೆ ಸ್ವಯಂ ಬೀಗ ಬೀಳುವಂಥವಾಗಿರಬೇಕು.

ಹಗ್ಗದ ಮೇಲೆ ಜಾರುತ್ತ, ಭಾರ ಬಿದ್ದಾಗ ಬಿಗಿದು ನಿಲ್ಲುವ ಗಂಟುಗಳ ಸಂಸಾರವೇ ಒಂದಿದೆ. ಅವುಗಳಲ್ಲಿ ಹೆಸರಾದುದನ್ನು 1931ರಲ್ಲಿ ಪ್ರಚುರಪಡಿಸಿದವನು ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್. ಈ ಗಂಟುಗಳನ್ನು ನೆಲದಿಂದ ಮೂರಡಿ ಎತ್ತರದಲ್ಲಿ, ಬಲ್ಲವರ ಎದುರಿಗೆ, ಕಣ್ಣು ಮುಚ್ಚಿದರೂ ಕಟ್ಟುವಷ್ಟು ಕಲಿತ ಮೇಲೆಯೇ ಮೇಲಕ್ಕೆ ಹೋಗಬೇಕು.

ಎಲ್ಲಕ್ಕಿಂತ ಮಿಗಿಲಾದ ನಿಯಮವೊಂದಿದೆ. ಮೇಲೆ ಗರಗಸ ಹಿಡಿದಿರುವಷ್ಟು ಹೊತ್ತೂ ಕೆಲಸಗಾರ ಮರಕ್ಕೆ ಎರಡು ಕಡೆ ಬಿಗಿದುಕೊಂಡಿರಬೇಕು: ಒಂದು ಏರುವ ಹಗ್ಗ, ಇನ್ನೊಂದು ಕೊಂಬೆಯನ್ನು ಬಳಸಿದ ಗಿಡ್ಡ ಹಗ್ಗ. ಗರಗಸ ಹಗ್ಗಕ್ಕೆ ತಗುಲಿದರೆ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಕಡಿಯುತ್ತದೆ. ಒಂದು ಹೋದರೂ ಇನ್ನೊಂದು ಉಳಿಯಲಿ ಎಂಬುದೇ ಇದರ ಮರ್ಮ. ಹಾಗೆಯೇ ಒಬ್ಬನೇ ಹತ್ತಲೇಬಾರದು. ಪೆಟ್ಟಾಗಿ ಪಟ್ಟಿಯಲ್ಲಿ ಜೋತುಬಿದ್ದವನ ಜೀವಕ್ಕೆ ನಿಮಿಷಗಳೇ ಬೆಲೆ. ಹತ್ತಿ ಇಳಿಸಬಲ್ಲ ಎರಡನೆಯವನು ಕೆಳಗಿರಬೇಕು. ಅವನಿಗೂ ಒಂದು ಹಗ್ಗ, ಒಂದು ಪಟ್ಟಿ ಬೇಕು.

ತೆಂಗಿನದು ಬೇರೆ ದಾರಿ

ಕರಾವಳಿ ಮಲೆನಾಡುಗಳಲ್ಲಿ ಬಿಡುವಿನ ಮರಗೆಲಸವೆಂದರೆ ತೆಂಗು ಅಡಕೆಗಳೇ. ಕಾಲಿಗೆ ತಳೆ ಹಾಕಿ ಸರಸರನೆ ಏರುವ ನಿಪುಣರು ವಿರಳವಾಗುತ್ತಿದ್ದಂತೆ, ಕಾಲಿನಿಂದ ಮೆಟ್ಟಿ ಏರುವ ಲೋಹದ ಸಾಧನಗಳು ಬಂದವು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಇಂಥ ಸಾಧನಗಳಿಂದ ಹತ್ತುವ ತರಬೇತಿಯನ್ನು ಯುವಕ ಯುವತಿಯರಿಗೆ ಕೊಡಲಾರಂಭಿಸಿತು. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಪುಟ್ಟ ಎಂಜಿನು ಜೋಡಿಸಿ ಅಡಕೆ ಮರವೇರುವ ಬೈಕನ್ನೇ ರೂಪಿಸಿದರು. 2019ರಲ್ಲಿ ಅದು ದೇಶದ ಗಮನ ಸೆಳೆಯಿತು. ಆದರೆ ಕವಲಿಲ್ಲದ ಕಾಂಡಕ್ಕೆ ಹೊಂದುವ ಸಾಧನ ಮಾವು ಹಲಸುಗಳಿಗೆ ನಿರುಪಯೋಗಿ. ಹಾಗೆಯೇ ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳನ್ನು ಉರುಳಿಸಬೇಕಾದ ಮರಕ್ಕಲ್ಲದೆ ಬದುಕಿ ಬಾಳಬೇಕಾದ ಮರಕ್ಕೆ ಊರಬಾರದು. ತೆಂಗಿನ ಕಾಂಡಕ್ಕಾದ ಗಾಯವಂತೂ ಎಂದೆಂದಿಗೂ ಮುಚ್ಚದು.

ಮರದ ಪರವಾಗಿ

ಯಂತ್ರ ಕೈಯಲ್ಲಿದ್ದಾಗ ಮರವೂ ಜೀವಿಯೆಂಬುದು ಮರೆತುಹೋಗುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ 1959ರಿಂದ ಮೊದಲ್ಗೊಂಡು ಇದೇ ಸರಪಳಿ ಗರಗಸದಿಂದ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದನು. ಮರ ತನ್ನ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸಿಕೊಳ್ಳುವುದಿಲ್ಲ, ಸುತ್ತಲೂ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಬಂಧಿಸುತ್ತದೆಂದು ಅವನು ಕಂಡುಕೊಂಡನು. ಆದುದರಿಂದ ಕೊಂಬೆಯ ಬುಡದಲ್ಲಿ ಉಬ್ಬಿರುವ ಕೊರಳನ್ನು ಕೊಯ್ಯದೆ, ಅದರ ಹೊರಗೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಮೊದಲು ತುಸು ದೂರದಲ್ಲಿ ಕೆಳಗಿನಿಂದ ಒಂದು ಗೀರು, ಅದರಾಚೆ ಮೇಲಿನಿಂದ ಎರಡನೆಯದು, ಕೊನೆಗೆ ಉಳಿದ ಮೋಟನ್ನು ಕೊರಳಿನ ಹೊರಗೆ. ಹೀಗೆ ಮಾಡಿದರೆ ತೊಗಟೆ ಸಿಗಿದುಬರುವುದಿಲ್ಲ.

ಇಲ್ಲಿ ಮನೆಯವರ ಪಾಲೂ ಉಂಟು. ಮರವನ್ನು ಉರುಳಿಸುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕೆ ಎಂದು ವಿಚಾರಿಸುವುದೂ, ತಂತಿ ಸಮೀಪವಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ ಪ್ರವಾಹ ನಿಲ್ಲಿಸಿಸುವುದೂ ಅವರ ಹೊಣೆ. ಕೂಲಿ ಗೊತ್ತುಮಾಡುವಾಗ "ಎಷ್ಟು ಹೊತ್ತಿಗೆ ಮುಗಿಸುತ್ತೀಯಪ್ಪ?" ಎಂದು ಕೇಳುವುದು ವಾಡಿಕೆ. ಅದಕ್ಕೆ ಮೊದಲು "ನಿನ್ನ ಹಗ್ಗ ತೋರಿಸು, ಜೊತೆಗಾರ ಯಾರು?" ಎಂದು ಕೇಳುವುದು ವಿವೇಕ. ಎರಡನ್ನೂ ಉಳ್ಳವನು ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಶಿ ಮಾಡದೆ ಕೊಡಬೇಕು. ಅಗ್ಗದ ಕೂಲಿಯೇ ಎಷ್ಟೋ ವೇಳೆ ಕೆಲಸಗಾರನನ್ನು ಹಗ್ಗವಿಲ್ಲದೆ ಮರ ಹತ್ತಿಸುತ್ತದೆ. ಕೊಂಬೆ ಇಂದಲ್ಲದಿದ್ದರೆ ನಾಳೆ ಇಳಿದೀತು. ಹತ್ತಿದವನು ಮಾತ್ರ ಸಂಜೆಗೆ ತನ್ನ ಕಾಲ ಮೇಲೆ ನಡೆದು ಮನೆ ಸೇರಬೇಕು.